ಹೋತು, ಬಂತು

ನಮ್ಮವ್ವ ಇಬ್ಬರಾದ ಮೇಲೆ ನಮ್ಮ ಅಣ್ಣತಮ್ಮಂದಿರ ಜಗಳ ನಿಂತಿತು. ಅದಕ್ಕೂ ಮುಂಚೆ ಪ್ರತಿ ಅಮಾವಾಸ್ಯೆಗೆ ನನ್ನ ಮನೆಯ ಹೊಸ್ತಿಲಲ್ಲೋ ತಮ್ಮ ಯಮನೂರನ ಮನೆಯ ಹೊಸ್ತಿಲಲ್ಲೋ ಮಾತಿಗೆ ಮಾತು ಬೆಳೆಯುತ್ತಿತ್ತು. ಅಪ್ಪ ಸತ್ತ ವರ್ಷ ಹಿರಿಯರು ಕೂತು ಹಾಕಿಕೊಟ್ಟ ಕಟ್ಟಳೆಯೊಂದಿತ್ತು. ಅವ್ವ ಒಂದು ತಿಂಗಳು ನನ್ನ ಮನೆಯಲ್ಲಿ ಉಣ್ಣಬೇಕು, ಮುಂದಿನ ತಿಂಗಳು ಅವನ ಮನೆಯಲ್ಲಿ. ಅಮಾವಾಸ್ಯೆಯ ಸಂಜೆ ಪಾಳಿ ಬದಲು. ಅವಳು ತನ್ನ ಸೀರೆ, ಎಲೆಯಡಿಕೆ ಚೀಲ, ಅಪ್ಪನ ಕಂಬಳಿ ಎಲ್ಲವನ್ನೂ ಒಂದು ಗಂಟಿನಲ್ಲಿ ಕಟ್ಟಿ ಬಾಗಿಲ ಪಕ್ಕ ಇಟ್ಟುಕೊಂಡಿರುತ್ತಿದ್ದಳು. ಆ ಗಂಟನ್ನು ಅವಳು ಪೂರ್ತಿ ಬಿಚ್ಚಿದ್ದನ್ನು ನಾನು ನೋಡಿರಲಿಲ್ಲ. ಬೇಕಾದದ್ದನ್ನು ಒಂದು ಮೂಲೆಯಿಂದ ಕೈಹಾಕಿ ಎಳೆದುಕೊಳ್ಳುತ್ತಿದ್ದಳು, ಬಸ್ಸಿಗೆ ಕಾದು ಕೂತವರ ಹಾಗೆ.

ಕಟ್ಟಳೆ ಹಾಕಿದ ಹಿರಿಯರು ಅಧಿಕ ಮಾಸವನ್ನು ಮರೆತಿದ್ದರು. ಪಂಚಾಂಗದಲ್ಲಿ ಆ ಹೆಚ್ಚಿನ ತಿಂಗಳು ಬಂದಾಗ ‘ಅದು ತಮ್ಮನ ಪಾಳಿ’ ಎಂದು ನಾನು, ‘ಹೆಚ್ಚಿಗೀದು ಯಾವಾಗಲೂ ಹಿರ್‍ಯಾವಂದು’ ಎಂದು ಅವನು. ಅವ್ವ ಇಬ್ಬರ ಮಾತನ್ನೂ ಕೇಳಿ, ಗಂಟು ಎತ್ತಿಕೊಂಡು, ಬಿಲ್ಲೆ ರಿಪೇರಿಯ ಖಾಜಾಬಿಯ ಅಂಗಡಿ ಕಟ್ಟೆಗೆ ಹೋಗಿ ಕೂರುತ್ತಿದ್ದಳು. ಆ ತಿಂಗಳು ಪೂರ್ತಿ ಅಲ್ಲೇ ಊಟ, ಅಲ್ಲೇ ನಿದ್ದೆ. ಒಮ್ಮೆ ನನ್ನ ಹೆಂಡತಿ ಸಾವಂತ್ರವ್ವ ರೊಟ್ಟಿ ಕೊಟ್ಟು ಬಂದವಳು, "ಅತ್ತಿ ಅಲ್ಲಿ ನಕ್ಕೋಂತ ಕುಂತಾರ. ಖಾಜಾಬಿ ಜೋಡಿ ಬೀಸೂ ಪದಾ ಹಾಡಾಕತ್ತಾರ," ಎಂದಳು. ನಾನು ನಂಬಲಿಲ್ಲ. ಯಾರೂ ಇಟ್ಟುಕೊಳ್ಳದ ಮುದುಕಿ ಯಾಕೆ ನಗುತ್ತಾಳೆ?

ನಮ್ಮ ಊರು ಗುಂಡಿಯೊಳಗಿದೆ. ಯಾವ ಕಾಲದವರೋ ಕಲ್ಲು ಕಡಿಯುತ್ತ ಕಡಿಯುತ್ತ ಆಳಕ್ಕಿಳಿದು, ಮತ್ತೆ ಮೇಲೇರಲು ಬೇಸರವಾಗಿ ಅಲ್ಲೇ ಮನೆ ಕಟ್ಟಿಕೊಂಡರಂತೆ. ಬಿಸಿಲು ತಡವಾಗಿ ಇಳಿದು ಬೇಗ ಹತ್ತಿಹೋಗುತ್ತದೆ. ಒಂದು ಮಾತು ಕೂಗಿದರೆ ಸುತ್ತಲಿನ ಗೋಡೆಗಳು ಅದನ್ನು ಎರಡು ಸಲ ಹೇಳುತ್ತವೆ. ಮೇಲಿನವರು ನೆಟ್‌ವರ್ಕ್ ಅನ್ನುವುದನ್ನು ನಾವು ಗಾಳಿ ಅನ್ನುತ್ತೇವೆ. ಆ ಗಾಳಿ ಗುಂಡಿಯ ಅಂಚಿನ ಮೇಲೆಯೇ ಹಾದುಹೋಗುತ್ತದೆ, ಒಳಕ್ಕೆ ಇಳಿಯುವುದಿಲ್ಲ. ಅದರಿಂದ ಯಾರ ವ್ಯಾಪಾರವೂ ನಿಂತಿಲ್ಲ. ಎಲ್ಲರ ಕೊರಳಲ್ಲೂ ಕಪ್ಪು ಗಾಜಿನ, ಅಂಗೈಯಗಲದ ಒಂದು ಬಿಲ್ಲೆ ಇರುತ್ತದೆ. ಹೆಬ್ಬೆಟ್ಟು ಒತ್ತಿ, ಇಷ್ಟು ಅಂತ ಹೇಳಿ, ಬಿಲ್ಲೆಗೆ ಬಿಲ್ಲೆ ಮುಟ್ಟಿಸಿದರೆ ಮುಗಿಯಿತು. ಕೊಟ್ಟವರ ಬಿಲ್ಲೆ ‘ಹೋತು’ ಅನ್ನುತ್ತದೆ, ತೆಗೆದುಕೊಂಡವರ ಬಿಲ್ಲೆ ‘ಬಂತು’ ಅನ್ನುತ್ತದೆ. ಅವರವರದೇ ದನಿಯಲ್ಲಿ. ತಣ್ಣಗಿನ ಹೆಬ್ಬೆಟ್ಟನ್ನು ಬಿಲ್ಲೆ ಒಪ್ಪುವುದಿಲ್ಲ, ಹಾಗಾಗಿ ಮಲಗಿದವರದನ್ನು ಕದಿಯಬಹುದು, ಸತ್ತವರದನ್ನು ಆಗುವುದಿಲ್ಲ. ಬಿಲ್ಲೆ ಏನನ್ನೂ ಮರೆಯುವುದೂ ಇಲ್ಲ. ಯಾರಾದರೂ ಮೆಟ್ಟಿಲು ಹತ್ತಿ ಅಂಚಿಗೆ ಹೋದಾಗ ಗಾಳಿ ಬಡಿಯುತ್ತದೆ, ಬಿಲ್ಲೆ ತನ್ನೊಳಗಿನದೆಲ್ಲವನ್ನೂ ಅದಕ್ಕೆ ಒಪ್ಪಿಸುತ್ತದೆ.

ಒಬ್ಬರಿಗೆ ಒಂದೇ ಬಿಲ್ಲೆ. ಒಡೆದರೆ ಖಾಜಾಬಿ ಅದರೊಳಗಿನದನ್ನು ಹೊಸದಕ್ಕೆ ತುಂಬಿಸಿ ಕೊಡುತ್ತಾಳೆ. ಹಳೆಯದನ್ನು ಅವತ್ತೇ, ಅದಕ್ಕೆ ಬಿಸಿಲು ತಾಗುವ ಮೊದಲು, ಮನೆಯವರು ಕಲ್ಲಿನ ಮೇಲಿಟ್ಟು ಕುಟ್ಟಿ ಪುಡಿ ಮಾಡಬೇಕು. ಬೇರೆ ಯಾರೂ ಮಾಡುವಂತಿಲ್ಲ. ಬಾಣಂತನದ ಹಾಗೆ, ಹೆಣಕ್ಕೆ ಹೆಗಲು ಕೊಟ್ಟ ಹಾಗೆ, ಅದು ಮನೆಯವರದೇ ಕೆಲಸ.

ಅವ್ವನ ಬಿಲ್ಲೆ ಬಿರುಕು ಬಿಟ್ಟದ್ದು ಅಧಿಕ ಮಾಸದಲ್ಲಿ. ಖಾಜಾಬಿ ಹೊಸದನ್ನು ತುಂಬಿಸಿ ಅವಳ ಕೊರಳಿಗೆ ಹಾಕಿ, "ಯಾರರೆ ಒಬ್ಬರು ಬಂದು ಹಳೀದನ್ನ ಒಡದು ಹೋಗ್ರಿ," ಎಂದು ಇಬ್ಬರಿಗೂ ಹೇಳಿಕಳಿಸಿದಳು. ಪಾಳಿ ನನ್ನದಲ್ಲವಲ್ಲ ಎಂದು ನಾನು ಹೋಗಲಿಲ್ಲ. ತನ್ನದಲ್ಲವಲ್ಲ ಎಂದು ಯಮನೂರನೂ ಹೋಗಲಿಲ್ಲ. ಅಮಾವಾಸ್ಯೆ ಬಂತು, ಅಧಿಕ ಕಳೆಯಿತು, ಅವ್ವ ಗಂಟು ಎತ್ತಿಕೊಂಡು ಪಾಳಿಯ ಪ್ರಕಾರ ಯಮನೂರನ ಮನೆಗೆ ಹೋದಳು. ಕಾದು ಕಾದು ಸಾಕಾದ ಖಾಜಾಬಿ ಹಳೆಯ ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿ ನಮ್ಮ ಮನೆಗೆ ಕಳಿಸಿದಳು. ಸಾವಂತ್ರವ್ವ ಅದೇನೆಂದು ಬಿಚ್ಚಿ ನೋಡಿ, ನಾನು ಬಂದ ಮೇಲೆ ಒಡೆಯಲಿ ಅಂತ ಕಿಟಕಿಯಲ್ಲಿಟ್ಟಳು. ಕಿಟಕಿಗೆ ಬಿಸಿಲು ಬಂತು.

ನಾನು ಬೀಸುಕಲ್ಲುಗಳಿಗೆ ಮುಳ್ಳು ಹೊಡೆಯುವವನು. ಸವೆದು ನುಣುಪಾದ ಕಲ್ಲಿಗೆ ಉಳಿಯಿಂದ ಮತ್ತೆ ಹಲ್ಲು ಮೂಡಿಸುವ ಕೆಲಸ. ಅವತ್ತು ಸಂಜೆ ಉಳಿ ಸುತ್ತಿಗೆ ಹೊತ್ತು ಮನೆಗೆ ಬಂದರೆ ಅವ್ವ ಹೊಸ್ತಿಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಗಂಟು. ಕೊರಳಲ್ಲಿ ಬಿರುಕು ಬಿಟ್ಟ ಬಿಲ್ಲೆ.

"ಯಾಕಬೇ, ಇಲ್ಲಿ ಕುಂತಿ? ಈ ತಿಂಗಳ ಯಮನೂರಂದು."

"ಹೌದೇನಪಾ? ನಾ ನಿಂದಂತ ತಿಳಕೊಂಡಿದ್ನಿ."

ವಯಸ್ಸಾಯಿತು, ತಿಂಗಳ ಲೆಕ್ಕ ತಪ್ಪುತ್ತಿದ್ದಾಳೆ ಎಂದುಕೊಂಡು ಕೈಹಿಡಿದು ಯಮನೂರನ ಮನೆಗೆ ನಡೆಸಿಕೊಂಡು ಹೋದೆ. ಅಲ್ಲಿ ಅಡುಗೆಮನೆಯಲ್ಲಿ ಅವ್ವ ತಾಟಿನ ಮುಂದೆ ಕೂತು ಉಣ್ಣುತ್ತಿದ್ದಳು. ಕೈಯಲ್ಲಿದ್ದ ತುತ್ತನ್ನು ತಾಟಿಗೆ ಹಾಕಿ ನಮ್ಮತ್ತ ನೋಡಿದಳು. ನಾನು ಹಿಡಿದಿದ್ದ ಕೈ ನನ್ನ ಕೈಯೊಳಗೆ ಬೆಚ್ಚಗೇ ಇತ್ತು. ಇಬ್ಬರಲ್ಲಿ ಯಾರೂ ಕೂಗಲಿಲ್ಲ. ಉಣ್ಣುತ್ತಿದ್ದವಳು ಸ್ವಲ್ಪ ಸರಿದು ಜಾಗ ಮಾಡಿದಳು. "ಬಾ, ಉಣ್ಣು. ಹೊಟ್ಟಿ ಹಸದಿರತೈತಿ," ಎಂದಳು, ತನಗೆ ಹಸಿವೆಯಾದದ್ದು ತನಗೆ ಗೊತ್ತಿರುವಂತೆ.

ಯಮನೂರ ನನ್ನನ್ನು ಹೊರಗೆ ಎಳೆದುಕೊಂಡು ಹೋದ. ಅವನ ಕಣ್ಣಿನಲ್ಲಿ ಏನೋ ನಗು. "ಅಣ್ಣಾ, ಯಾರಿಗೂ ಏನೂ ಅನಬ್ಯಾಡ. ನಿನಗೊಬ್ಬಾಕಿ, ನನಗೊಬ್ಬಾಕಿ. ಇನ್ನ ಜಗಳರೆ ಎಲ್ಲೀದು?"

ಊರಿಗೆ ಇಂಥದ್ದು ಹೊಸದಲ್ಲ. ಹೀಗಾದವರನ್ನು ನಾವು ಜೋಡಿ ಅನ್ನುತ್ತೇವೆ. ಹಿಂದೆ ಹಡಪದ ಸಂಗಪ್ಪ ಜೋಡಿಯಾಗಿದ್ದ. ಒಬ್ಬ ಕ್ಷೌರ ಮಾಡುತ್ತಿದ್ದ, ಇನ್ನೊಬ್ಬ ಮಲಗುತ್ತಿದ್ದ, ಮರುದಿನ ಅದಲುಬದಲು. ಊರೆಲ್ಲ ಹೊಟ್ಟೆಕಿಚ್ಚು ಪಟ್ಟಿತ್ತು. ಒಂದು ದಿನ ಮಲಗುವ ಪಾಳಿಯವನು ಬೇಸರ ಕಳೆಯಲೆಂದು ಮೆಟ್ಟಿಲು ಹತ್ತಿ ಅಂಚಿಗೆ ಹೋದ. ಅವನ ಬಿಲ್ಲೆಗೆ ಗಾಳಿ ಬಡಿಯಿತು. ಕೆಳಗೆ ಅಂಗಡಿಯಲ್ಲಿ ಕನ್ನಡಶಾಲೆ ಮಾಸ್ತರರು ನೊರೆ ಹಚ್ಚಿಸಿಕೊಂಡು ಕಣ್ಣುಮುಚ್ಚಿ ಕೂತಿದ್ದರು. ಕತ್ತಿ ಟಣ್ಣನೆ ನೆಲಕ್ಕೆ ಬಿತ್ತು. ಕಣ್ಣು ತೆರೆದರೆ ಅಂಗಡಿಯಲ್ಲಿ ಅವರೊಬ್ಬರೇ. ಗಾಳಿ ಮೊದಲು ಕಂಡದ್ದನ್ನೇ ನಿಜ ಅನ್ನುತ್ತದೆ, ಉಳಿದದ್ದನ್ನು ಒಪ್ಪುವುದಿಲ್ಲ. ಮಾಸ್ತರರು ಸಾಯುವವರೆಗೂ ಎಡಗೆನ್ನೆಯ ಗಡ್ಡ ತೆಗೆಸಲಿಲ್ಲ. ಅಂದಿನಿಂದ ಜೋಡಿ ಇರುವ ಮನೆಯವರು ಅಂಚಿನ ಕಡೆ ತಲೆ ಎತ್ತಿಯೂ ನೋಡುವುದಿಲ್ಲ. ಜೋಡಿಗಳು ಬೀದಿಯ ಎರಡು ಬದಿಗಳಲ್ಲಿ ನಡೆಯಬೇಕು, ಎರಡು ಬಿಲ್ಲೆಗಳು ಎಂದೂ ಒಂದಕ್ಕೊಂದು ತಾಗಬಾರದು. ಯಾಕೆಂದು ಕೇಳಿದರೆ ಖಾಜಾಬಿ ಹೇಳುತ್ತಿದ್ದಳು: "ತನಗ ತಾ ಕೊಟ್ಟರ ಅದು ಕೊಟ್ಟಂಗೂ ಅಲ್ಲ, ಇಟ್ಟಂಗೂ ಅಲ್ಲ. ಆಮ್ಯಾಲ ಏನ್ ಆಗತೈತಿ ಅಂತ ನನ್ನ ಕೇಳಬ್ಯಾಡ್ರಿ, ಯಾರೂ ಮಾಡಿ ನೋಡಿಲ್ಲ."

ಒಂದು ಬೆಳಿಗ್ಗೆ ನೋಡಿದರೆ ನಮ್ಮ ಮನೆಯ ಗೂಟಕ್ಕೆ ಅಪ್ಪನ ಕಂಬಳಿ ತೂಗುತ್ತಿತ್ತು. ಅವ್ವ ಗಂಟು ಬಿಚ್ಚಿದ್ದಳು. ಗಂಟಿನ ಬಟ್ಟೆಯನ್ನು ಒಗೆದು ಕಟ್ಟೆಯ ಮೇಲೆ ಒಣಹಾಕಿದ್ದಳು. ನಾನು ಆ ಬಟ್ಟೆಯನ್ನು ನೋಡುತ್ತ ಬಹಳ ಹೊತ್ತು ನಿಂತೆ. ಅದರ ಮೇಲಿನ ಬಾತುಕೋಳಿಗಳ ಚಿತ್ರವನ್ನು ನಾನು ಅದೇ ಮೊದಲ ಸಲ ನೋಡಿದ್ದು. ಆಮೇಲೆ ಅವಳು ಬೇರೆಯೇ ಹೆಂಗಸಾದಳು. ರೊಟ್ಟಿ ದಪ್ಪವಾಯಿತೆಂದು ಸಾವಂತ್ರವ್ವನ ಜೊತೆ ಜಗಳ ತೆಗೆದು ಗೆದ್ದಳು. ನನ್ನ ಮಗಳಿಗೆ ಒಗಟು ಹೇಳಿಕೊಟ್ಟಳು. ನಾನು ಕೂಸಾಗಿದ್ದಾಗ ಕಲ್ಲಿನ ಪುಡಿ ತಿನ್ನುತ್ತಿದ್ದೆ ಎಂಬುದನ್ನು ನನಗೆ ಹೇಳಿದಳು. ತಿಂಗಳು ಬಿಟ್ಟು ತಿಂಗಳು ಬರುವವಳಿಗೆ ಇಂಥದ್ದನ್ನೆಲ್ಲ ಹೇಳಲು ಪುರಸೊತ್ತಿರಲಿಲ್ಲ. ಅವಳ ಮುಂದಿನ ಹಲ್ಲು ನಮ್ಮ ಮನೆಯಲ್ಲೇ ಬಿತ್ತು. ಅದನ್ನು ಮಾಳಿಗೆಯ ಮೇಲೆ ಎಸೆದವನು ನಾನೇ. ಯಮನೂರನ ಅವ್ವನಿಗೆ ಆ ಹಲ್ಲು ಇನ್ನೂ ಇತ್ತು. ಅವಳು ಅವನ ಮನೆಯ ಪಾವಟಿಗೆಯಲ್ಲಿ ಜಾರಿ ಬಿದ್ದು ಬಲಗಾಲು ಎಳೆಯುತ್ತಿದ್ದಳು. ಹೀಗೆ ಇಬ್ಬರೂ ದಿನದಿನಕ್ಕೆ ದೂರವಾದರು. ಯಮನೂರನ ಅವ್ವನನ್ನು ಬೀದಿಯಲ್ಲಿ ಕಂಡರೆ ನನಗೆ ಯಾರದೋ ತಾಯಿಯನ್ನು ಕಂಡ ಹಾಗಾಗುತ್ತಿತ್ತು. ಅವಳು ಮಾತ್ರ ‘ಉಂಡ್ಯೇನೋ ಬಾಳಪ್ಪಾ’ ಎಂದು ಬೀದಿಯ ಆಚೆ ಬದಿಯಿಂದ ಕೇಳುತ್ತಿದ್ದಳು. ನಾನು ಕೇಳಿಸದವನಂತೆ ಹೋಗುತ್ತಿದ್ದೆ.

ಮೆಟ್ಟಿಲುಗಳ ಅರ್ಧದಾರಿಯಲ್ಲಿ ದಣಿವಾರಿಸುವ ಒಂದು ಕಟ್ಟೆ ಇದೆ, ಅದರ ತಿರುವಿನ ಹಿಂದೆ ಬಂಡೆಯಿಂದ ಜಿನುಗುವ ಒರತೆ. ಅಲ್ಲಿಯವರೆಗೆ ಗಾಳಿ ಬರುವುದಿಲ್ಲ. ಮಧ್ಯಾಹ್ನ ಇಬ್ಬರೂ ನೀರಿನ ನೆಪ ಮಾಡಿ ಅಲ್ಲಿಗೆ ಹೋಗುತ್ತಾರೆಂದು ಸಾವಂತ್ರವ್ವ ಹೇಳಿದಳು. ನಡುವೆ ಒಂದು ಗುಂಡುಕಲ್ಲು ಬಿಟ್ಟು, ಅದಕ್ಕೆ ಈ ಕಡೆ ಒಬ್ಬಳು, ಆ ಕಡೆ ಒಬ್ಬಳು ಬೆನ್ನು ಕೊಟ್ಟು ಕೂರುತ್ತಾರಂತೆ.

"ಏನ್ ಮಾತಾಡತಾರ?"

"ಮಾತಾ? ಇಲ್ರಿ. ಬೀಸೂ ಪದಾ ಹಾಡತಾರ. ಒಬ್ಬಾಕಿ ಬಿಟ್ಟಲ್ಲಿ ಇನ್ನೊಬ್ಬಾಕಿ ಎತ್ತತಾಳ. ಕಲ್ಲಿಗೆ ಇಬ್ಬರು ಬೇಕಲ್ಲ," ಎಂದಳು ಸಾವಂತ್ರವ್ವ. "ಕೇಳಿದ್ರ ಮೈ ಜುಮ್ಮಂತೈತಿ. ಇಬ್ಬರೂ ಒಂದ ಸಲ ಉಸರ ತಗೋತಾರ," ಎಂದಳು.

ಆ ಚಳಿಗಾಲದಲ್ಲಿ ಮೇಲಿನವರು ಬಂದು ಅಂಚಿನಲ್ಲಿ ಕಬ್ಬಿಣದ ಕಂಬ ನಿಲ್ಲಿಸಿದರು. ಅದರ ತುದಿಗೆ ಬಿಳಿಯ ದೊಡ್ಡ ತಟ್ಟೆಯೊಂದನ್ನು ಕಟ್ಟಿ, ಅದರ ಮುಖವನ್ನು ನಮ್ಮ ಕಡೆ ಬಗ್ಗಿಸಿದರು. ಪಾಡ್ಯದ ದಿನ ಊರಿಗೆ ಗಾಳಿ ಇಳಿಸುತ್ತೇವೆ, ಇನ್ನು ಹತ್ತುವ ತ್ರಾಸ ಇಲ್ಲ ಎಂದು ಡಂಗುರ ಸಾರಿಸಿದರು. ಮಕ್ಕಳು ಕುಣಿದರು. ಆ ತಟ್ಟೆ ಹಗಲೆಲ್ಲ ನಮ್ಮನ್ನು ನೋಡುತ್ತಿತ್ತು, ಇನ್ನೂ ಕಣ್ಣು ತೆರೆಯದ ಕೂಸು ನೋಡುವ ಹಾಗೆ. ಜನ ಅದಕ್ಕೆ ಬೆನ್ನು ಮಾಡಿ ಕೂತು ಉಣ್ಣತೊಡಗಿದರು.

ನಾನು ಖಾಜಾಬಿಯ ಬಳಿಗೆ ಓಡಿದೆ. "ಗಾಳಿ ಇಳದ್ರ ಇಬ್ಬರಾಗ ಯಾರನ್ನ ಮೊದಲ ನೋಡತೈತಿ?"

"ಅದರ ಕಣ್ಣಿಗೆ ಯಾರ್ ಬಿದ್ರ ಅವರು. ಅದಕ್ಕೇನ್ ನಿಮ್ಮವ್ವ, ನಮ್ಮವ್ವ ಅಂತ ಐತೇನು?" ಎಂದ ಖಾಜಾಬಿ ಕೈಯಲ್ಲಿದ್ದ ಕೆಲಸ ಕೆಳಗಿಟ್ಟಳು. "ಅಕೀನ್ನ ಕೇಳೀಯೇನು?"

"ಯಾರನ್ನ?"

"ಹೋಗ್ ಮತ್ತ," ಎಂದಳು.

ಯಮನೂರ ತಾನಾಗಿಯೇ ಮನೆಗೆ ಬಂದ. ಇಬ್ಬರೂ ಅಪ್ಪನ ಕಂಬಳಿ ಮುಟ್ಟಿ ಆಣೆ ಮಾಡಿದೆವು: ಪಾಡ್ಯದವರೆಗೆ ಯಾರೂ ಅವ್ವನನ್ನು ಮೇಲಕ್ಕೆ ಒಯ್ಯಬಾರದು, ಗಾಳಿ ಯಾರನ್ನು ಉಳಿಸಿದರೂ ಒಪ್ಪಬೇಕು, ಉಳಿದವಳಿಗೆ ಮತ್ತೆ ಪಾಳಿ ಹಾಕಬೇಕು. ಅವನು ಎದ್ದು ಹೋದ ಮೇಲೆ ಸಾವಂತ್ರವ್ವ ಒಲೆ ಊದುತ್ತಲೇ, "ನಿಮ್ಮ ತಮ್ಮ ಹೊಸಾ ಹಗ್ಗಾ ತಂದಾನಂತ. ಬೆನ್ನಿಗೆ ಏನರೆ ಕಟ್ಟಿಕೊಳ್ಳಾವ ಇರಬೇಕು," ಎಂದಳು. ನನ್ನ ಹಗ್ಗ ಆಗಲೇ ಉಳಿಪೆಟ್ಟಿಗೆಯೊಳಗಿತ್ತು.

ಪಾಡ್ಯದ ಹಿಂದಿನ ಬೆಳಿಗ್ಗೆ, ಬಿಸಿಲು ಗೋಡೆಯ ಅರ್ಧಕ್ಕೆ ಇಳಿದಾಗ, ನಾನು ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಏರಬೇ ಬೆನ್ನ ಮ್ಯಾಲ. ಅಂಚಿಗೆ ಹೋಗೂಣು."

"ಯಾಕಪಾ?"

"ನೀ ಉಳೀಬೇಕಂತ."

"ಮತ್ತ ಆಕಿ?"

ನಾನು ಹಗ್ಗದ ಗಂಟು ಸರಿಮಾಡಿದೆ. ಅವಳು ಎದ್ದು ಹೋಗಿ, ಗೂಟದ ಕಂಬಳಿ ತೆಗೆದು, ಸೀರೆ, ಚೀಲ ಎಲ್ಲ ಸೇರಿಸಿ, ಬಾತುಕೋಳಿಗಳ ಬಟ್ಟೆಯಲ್ಲಿ ಮತ್ತೆ ಗಂಟು ಕಟ್ಟಿದಳು. ಈಗಲೇ ವಾಪಸು ಬರುತ್ತೇವೆ, ಗಂಟು ಯಾಕೆ ಎಂದರೆ ಕೇಳಲಿಲ್ಲ. ಗಂಟನ್ನು ಎದೆಗವಚಿಕೊಂಡು ನನ್ನ ಬೆನ್ನೇರಿದಳು. ಒಣಗಿದ ಸಜ್ಜೆ ಸಿವುಡಿನಷ್ಟು ಹಗುರ ಇದ್ದಳು.

ಬೀದಿಯ ತುದಿಗೆ ಬಂದರೆ ಎದುರಿನಿಂದ ಯಮನೂರ. ಅವನ ಬೆನ್ನ ಮೇಲೂ ಅವ್ವ, ಅವಳ ಎದೆಯಲ್ಲೂ ಗಂಟು. ಒಬ್ಬರನ್ನೊಬ್ಬರು ನೋಡಿ ಇಬ್ಬರೂ ಒಂದೇ ಸಲ ಓಡಿದೆವು. ಆಣೆ ನೆನಪಿಗೆ ಬಂದದ್ದು ಮೆಟ್ಟಿಲು ಹತ್ತುವಾಗ. ಊರೇ ಹೊರಗೆ ಬಂದು ನಿಂತಿತು.

"ಲೇ ಬಾಳ್ಯಾ, ಗಟ್ಟಿ ಹಿಡಕೋಳೊ! ನಿಮ್ಮವ್ವ ನಿಮ್ಮವ್ವನ್ನ ಹಿಂದ ಹಾಕಾಕತ್ತಾಳ!"

"ಯಮನೂರಾ, ಬಾಗಿ ಹತ್ತೊ, ಮುದಿಕಿ ಜಾರತಾಳ!"

"ಅಧಿಕ ಮಾಸದಾಗ ಎಲ್ಲಿ ಹೋಗಿದ್ರೊ ಈ ಮಕ್ಕಳು?" ಎಂದು ಯಾರೋ ಹೆಂಗಸು ಕೂಗಿದಳು. ಗೋಡೆಗಳು ಅದನ್ನು ಎರಡು ಸಲ ಹೇಳಿದವು. ನಗು ನಿಂತಿತು.

ಮೆಟ್ಟಿಲು ಇಬ್ಬರು ಅಕ್ಕಪಕ್ಕ ಹತ್ತುವಷ್ಟು ಅಗಲವಿಲ್ಲ. ಅವನ ಮೊಣಕೈ ನನ್ನ ಪಕ್ಕೆಗೆ ತಿವಿಯುತ್ತಿತ್ತು, ನನ್ನದು ಅವನದಕ್ಕೆ. ಮಕ್ಕಳಾಗಿದ್ದಾಗ ಒಂದೇ ಕೌದಿಯಲ್ಲಿ ಮಲಗಿ ಹೀಗೆಯೇ ಗುದ್ದಾಡುತ್ತಿದ್ದೆವು. ಮೇಲೆ ಬಿಳಿಯ ತಟ್ಟೆ ದೊಡ್ಡದಾಗುತ್ತ ಬಂತು. ನನ್ನ ಕಿವಿಯ ಹತ್ತಿರ ಅವ್ವನ ಉಸಿರು ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದೆ, ಯಮನೂರನ ಬೆನ್ನ ಮೇಲಿನ ಉಸಿರೂ ಅದೇ ತಾಳದಲ್ಲಿತ್ತು. ಇಬ್ಬರೂ ನಮ್ಮ ತಲೆಗಳ ಮೇಲಿಂದ ಒಬ್ಬರನ್ನೊಬ್ಬರು ನೋಡುತ್ತಿದ್ದರು.

ದಣಿವಿನ ಕಟ್ಟೆ ಮುಟ್ಟಿದಾಗ ನನ್ನವಳು, "ನೀರಡಿಕಿ ಆಗೇತಿ," ಎಂದಳು.

"ನನಗೂ," ಎಂದಳು ಅವನವಳು.

ನಾನು ನಿಂತೆ, ಅವನೂ ನಿಂತ. ತಾಯಿ ನೀರು ಕೇಳಿದಾಗ ಮುಂದೆ ಹೆಜ್ಜೆ ಇಡಲು ಇಬ್ಬರಿಗೂ ಆಗಲಿಲ್ಲ. ಹಗ್ಗ ಬಿಚ್ಚಿ, ಕಟ್ಟೆಯ ಆ ತುದಿಗೆ ಅವನು ತನ್ನವಳನ್ನು, ಈ ತುದಿಗೆ ನಾನು ನನ್ನವಳನ್ನು ಕೂರಿಸಿದೆವು. ಒಬ್ಬ ನೀರಿಗೆ ಹೋದರೆ ಇನ್ನೊಬ್ಬ ಮೇಲಕ್ಕೆ ಓಡುತ್ತಾನೆಂಬ ಗುಮಾನಿ ಇಬ್ಬರಿಗೂ ಇತ್ತು, ಹಾಗಾಗಿ ಇಬ್ಬರೂ ಕೂಡಿಯೇ ತಿರುವಿನ ಹಿಂದಿನ ಒರತೆಗೆ ಹೋದೆವು. ಅಲ್ಲಿ ಯಾರೋ ಬಿಟ್ಟುಹೋದ ತೆಂಗಿನ ಚಿಪ್ಪುಗಳಿದ್ದವು. ನೀರು ಹನಿಹನಿಯಾಗಿ ಬೀಳುತ್ತಿತ್ತು. ಚಿಪ್ಪು ತುಂಬುವುದನ್ನೇ ನೋಡುತ್ತ ನಿಂತೆವು.

"ಅಣ್ಣಾ, ನಮ್ಮನ್ಯಾಗಿನ ಅವ್ವ ನಿನ್ನ ದಿನಾ ನೆನಸತಾಳ," ಎಂದ ಯಮನೂರ. "ಬೀದ್ಯಾಗ ಮಾತಾಡಸಂಗಿಲ್ಲಂತ ನೀ."

ನಾನು ಉತ್ತರ ಕೊಡುವ ಮೊದಲು ಕಟ್ಟೆಯ ಕಡೆಯಿಂದ ಅವ್ವನ ದನಿ ಕೇಳಿತು.

"ಹೋತು."

ಆಮೇಲೆ, ಅದೇ ದನಿ.

"ಬಂತು."

ಗೋಡೆಗಳು ಅದನ್ನು ಹೇಳಿದವು. ಮತ್ತೊಮ್ಮೆ ಹೇಳಿದವು. ನಾವು ಓಡಿದೆವು.

ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಈ ತುದಿಯಲ್ಲೂ ಅಲ್ಲ, ಆ ತುದಿಯಲ್ಲೂ ಅಲ್ಲ, ನಡುವೆ. ಎಡಕ್ಕೊಂದು ಗಂಟು, ಬಲಕ್ಕೊಂದು ಗಂಟು. ಎರಡರ ಬಟ್ಟೆಯ ಮೇಲೂ ಬಾತುಕೋಳಿಗಳು. ಕೊರಳಲ್ಲಿ ಒಂದೇ ಬಿಲ್ಲೆ, ಅದರ ಗಾಜಿನಲ್ಲಿ ಬಿರುಕು ಇದ್ದ ಹಾಗೂ ಕಾಣುತ್ತಿತ್ತು, ಇಲ್ಲದ ಹಾಗೂ. ಯಮನೂರ ಕಟ್ಟೆಯ ಅಂಚಿಗೆ ಹೋಗಿ ಕೆಳಗೆ ಇಣುಕಿದ. ಕೆಳಗೆ ಊರಿನವರ ಮುಖಗಳು ಮಾತ್ರ ಇದ್ದವು.

ಅವಳು ಕೈಚಾಚಿದಳು. ನನ್ನ ಚಿಪ್ಪಿನ ನೀರು ಕುಡಿದಳು, ಅವನ ಚಿಪ್ಪಿನ ನೀರನ್ನೂ ಕುಡಿದಳು. ಇಬ್ಬರ ನೀರಡಿಕೆ ಇತ್ತು ಅವಳಿಗೆ. ಕುಡಿಯುವಾಗ ಮುಂದಿನ ಹಲ್ಲಿಲ್ಲದ ಸಂದಿಯಿಂದ ನೀರು ಗದ್ದಕ್ಕೆ ಇಳಿಯಿತು. ‘ನನ್ನಾಕಿ’ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಎದ್ದು, ಬಲಗಾಲು ಎಳೆಯುತ್ತ ಎರಡು ಹೆಜ್ಜೆ ಇಟ್ಟಳು. ಪಕ್ಕದಲ್ಲಿ ಯಮನೂರನ ಬಾಯಿಯೂ ತೆರೆದದ್ದನ್ನು ನೋಡಿದೆ.

ಅವಳು ನಮ್ಮಿಬ್ಬರನ್ನೂ ನೋಡಿದಳು. ಇಬ್ಬರ ಮನೆಯಲ್ಲಿ ಕಳೆದ ದಿನಗಳೂ ಒಟ್ಟಿಗೇ ಆ ಕಣ್ಣುಗಳಲ್ಲಿದ್ದವು. ಅಷ್ಟನ್ನು ಹೊತ್ತು ನಿಂತವರ ದೃಷ್ಟಿ ನಮ್ಮನ್ನು ದಾಟಿ ಎಲ್ಲೋ ಹೋಗುತ್ತದೆ.

"ಈ ತಿಂಗಳ ಯಾರ ಪಾಳಿ?" ಎಂದು ಕೇಳಿದಳು.

"ನಂದು," ಎಂದೆ.

"ನಂದು," ಎಂದ ಯಮನೂರ, ಅದೇ ಗಳಿಗೆಯಲ್ಲಿ.

ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಗೆ ಇಬ್ಬರೂ ಒಂದೇ ಉತ್ತರ ಕೊಟ್ಟದ್ದು ಅದೇ ಮೊದಲು. ಅವಳು ಬೆರಳ ಗೆಣ್ಣುಗಳ ಮೇಲೆ ಏನೋ ಎಣಿಸಿದಳು, ತಪ್ಪಿ ಮತ್ತೆ ಎಣಿಸಿದಳು.

"ಹಂಗಾರ ಇದು ಅಧಿಕ ಮಾಸ ಇರಬೇಕು," ಎಂದಳು. ಹಾಗೆ ಹೇಳುವಾಗ ಅವಳು ನಕ್ಕಳು. ಸಾವಂತ್ರವ್ವ ಅಂದು ನೋಡಿದ್ದೆ ಅಂದ ನಗು ಇದೇ ಇರಬೇಕು.

ಎರಡೂ ಗಂಟುಗಳನ್ನು ಎತ್ತಿಕೊಂಡಳು. ನಾನು ಒಂದಕ್ಕೆ ಕೈ ಹಾಕಿದೆ. ಅವಳು ಬಿಡಲಿಲ್ಲ. ಅದು ಎಳೆಯಲಾರದಷ್ಟು ಭಾರವಿತ್ತು. ಕೆಳಗೆ ಊರಿನ ಕಡೆ ಒಮ್ಮೆ ನೋಡಿ, ತಿರುಗಿ, ಕಾಲು ಎಳೆಯುತ್ತ ಮೇಲಿನ ಮೆಟ್ಟಿಲುಗಳನ್ನು ಹತ್ತತೊಡಗಿದಳು. ಬೀಸೂ ಪದ ಹೇಳುತ್ತಿದ್ದಳು. ಒಂದು ಸಾಲು ಹೇಳಿ ನಿಲ್ಲಿಸುವಳು, ಇನ್ನೊಬ್ಬಳು ಎತ್ತಲಿ ಎಂಬ ಹಾಗೆ. ಆಮೇಲೆ ತಾನೇ ಎತ್ತಿಕೊಳ್ಳುವಳು. ನಾವು ಹಿಂದೆ ಹೋಗಬಹುದಿತ್ತು. ನಮ್ಮ ಕಾಲ ಬಳಿ ಎರಡು ಹಗ್ಗಗಳು ಬಿದ್ದಿದ್ದವು, ಅವನ್ನು ದಾಟಲು ನಮ್ಮಿಂದ ಆಗಲಿಲ್ಲ.

ಅಂಚಿನಲ್ಲಿ, ಬಿಳಿಯ ತಟ್ಟೆಯ ಕೆಳಗೆ, ಅವಳು ಕಡ್ಡಿಯಷ್ಟು ಸಣ್ಣದಾಗಿ ನಿಂತದ್ದು ಕಂಡಿತು. ಅವಳ ಸೆರಗು ಹಾರಿತು. ಗಾಳಿ ಬಡಿದಿತ್ತು. ಮೇಲಿನಿಂದ ಅವಳ ಬಿಲ್ಲೆಯ ದನಿ ಒಂದೇ ಒಂದು ಮಾತು ಹೇಳಿತು, ಗೋಡೆಗಳು ಅದನ್ನು ಎರಡು ಸಲ ಹೇಳಿದವು, ಮುಗಿಯುವಷ್ಟರಲ್ಲಿ ಅಂಚಿನಲ್ಲಿ ಆಕಾಶ ಮಾತ್ರ ಇತ್ತು.

ಈಗ ಊರಿಗೆ ಗಾಳಿ ಇಳಿದಿದೆ, ಯಾರೂ ಹತ್ತುವುದಿಲ್ಲ. ಅಮಾವಾಸ್ಯೆ ಬಂದರೆ ನನ್ನ ಮನೆಯಲ್ಲೂ ಯಮನೂರನ ಮನೆಯಲ್ಲೂ ಒಂದೊಂದು ತಾಟು ಹೆಚ್ಚಿಗೆ ಇಡುತ್ತೇವೆ. ಉಂಡಾದ ಮೇಲೆ ಅವನು ನನ್ನ ಕಟ್ಟೆಗೆ ಬಂದು ಕೂರುತ್ತಾನೆ, ಇಬ್ಬರೂ ಮತ್ತೆ ಜಗಳ ಶುರುಮಾಡುತ್ತೇವೆ. ಅವತ್ತು ಮೇಲಿನಿಂದ ಕೇಳಿದ್ದು ‘ಬಂತು’ ಎಂದು ಅವನು ಹೇಳುತ್ತಾನೆ. ನನಗೆ ಕೇಳಿದ್ದು ‘ಹೋತು’.